ಪಾಸಾದರೆ ಮಾತ್ರ ಫೈನಲ್

ಫಿಲಿಪ್ಪೀನ್ಸಿನ ಇಲೊಯಿಲೊ ನಗರದ ಆ ನರ್ಸಿಂಗ್ ಕಾಲೇಜಿನಲ್ಲಿ ಅರ್ಲೀನ್ ಪಾನೆಸ್ ಎಲ್ಲರಿಗೂ ಗೊತ್ತಿದ್ದ ಹುಡುಗಿ. ಮೊಬೈಲ್ ಆಟದಲ್ಲಿ ಅವಳ ಐವರು ಹುಡುಗಿಯರ ತಂಡ ಯಾರಿಗೂ ಸೋಲುತ್ತಿರಲಿಲ್ಲ. ಅಂಗರಚನಾ ಶಾಸ್ತ್ರದಲ್ಲಿ ಮಾತ್ರ ಐವರೂ ಒಟ್ಟಿಗೇ ಮುಗ್ಗರಿಸಿದ್ದರು. ಪಾಠದ ಹೊತ್ತಿನಲ್ಲೂ ಬೆಂಚಿನ ಕೆಳಗೆ ಅವರ ಹೆಬ್ಬೆರಳುಗಳು ಕುಣಿಯುತ್ತಲೇ ಇರುತ್ತಿದ್ದವು.

ತಂಡ ಅಂತರಕಾಲೇಜು ಫೈನಲ್ ತಲುಪಿದಾಗ ಇಡೀ ಕಾಲೇಜಿಗೆ ಹಬ್ಬ. ಆದರೆ ಅಂಗರಚನೆ ಕಲಿಸುವ ಸುಮಗೈಸೈ ಮೇಡಂ, ಮರುಪರೀಕ್ಷೆಯಲ್ಲಿ ಒಬ್ಬಳು ಫೇಲಾದರೂ ತಂಡ ಆಡುವಂತಿಲ್ಲ ಎಂದುಬಿಟ್ಟರು.

ಐವರ ಮನೆ ಐದು ದಿಕ್ಕಿಗೆ. ಕೂಡಿ ಓದಲು ಇದ್ದದ್ದು ಮತ್ತೆ ಅದೇ ಫೋನು. ಸಂಜೆ ಎಲ್ಲರೂ ಒಂದೇ ಕರೆಯಲ್ಲಿ ಸೇರಬೇಕು, ಒಬ್ಬರನ್ನೊಬ್ಬರು ಮೂಳೆಗಳ ಹೆಸರು ಕೇಳಬೇಕು, ಆಟ ಮಾತ್ರ ತೆರೆಯಕೂಡದು. ನಿಯಮ ಮಾಡಿದವಳು ನಾಯಕಿ ಅರ್ಲೀನಳೇ. ಒಂದು ಸಂಜೆ ಬೆನ್ನುಮೂಳೆಯ ಪಾಠದ ನಡುವೆ, ಆಟ ಶುರುವಾಗುವ ತುತ್ತೂರಿ ಕೇಳಿಸಿತು.

"ಯಾರೇ ಅದು?" ಎಂದಳು ಗೆಳತಿ ಜೋನಾಬೆಲ್.

"ನಾನೇ ಕಣ್ರೇ," ಅರ್ಲೀನ್ ತೊದಲಿದಳು. "ಬೆರಳು ತಾನಾಗೇ ಹೋಗ್ಬಿಡ್ತು."

"ಆ ಹೆಬ್ಬೆರಳಲ್ಲಿ ಎಷ್ಟು ಮೂಳೆ ಇದೆ ಹೇಳು ಕ್ಯಾಪ್ಟನ್ನಮ್ಮ. ಆಮೇಲೆ ಆಡೀಯಂತೆ."

ಅವಳು ಐದೆಂದು ಊಹಿಸಿದಳು. ಫೋನಿನ ತುಂಬ ನಗು. ಕಿವಿ ಬಿಸಿಯಾಗಿ, ಅರ್ಲೀನ್ ಅಲ್ಲೇ ಆಟವನ್ನು ಅಳಿಸಿಹಾಕಿದಳು. ಉಳಿದವರೂ ಅಳಿಸಿದರು.

ಫಲಿತಾಂಶ ಬಂದದ್ದು ಫೈನಲ್ ದಿನದ ಬೆಳಿಗ್ಗೆ. ಐವರೂ ಪಾಸು, ಅರ್ಲೀನ್ ಕೂದಲೆಳೆಯಲ್ಲಿ. ಕಿರುಚಾಡುತ್ತಲೇ ಬಾಡಿಗೆಗೆ ಓಡುವ ಜೀಪ್ನಿ ಗಾಡಿ ಹತ್ತಿದರು. ಮೈಗೆ ಮೈ ಒತ್ತಿಕೊಂಡು ಕೂತು ಆಟವನ್ನು ಮತ್ತೆ ಫೋನಿಗೆ ಇಳಿಸಿಕೊಳ್ಳತೊಡಗಿದರು. ಸಭಾಂಗಣದ ಮೆಟ್ಟಿಲು ಹತ್ತುವಾಗಲೂ ಜೋನಾಬೆಲಳ ಫೋನಿನಲ್ಲಿ ಡೌನ್‌ಲೋಡಿನ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

ಅಭ್ಯಾಸ ತಪ್ಪಿದ್ದರಿಂದ ಮೊದಲ ಸುತ್ತು ಸೋತರು. ಎರಡನೆಯದನ್ನು ಹಲ್ಲುಕಚ್ಚಿ ಗೆದ್ದರು. ಕೊನೆಯ ಸುತ್ತಿನಲ್ಲಿ ನಾಲ್ವರೂ ಔಟಾಗಿ ಅರ್ಲೀನ್ ಒಬ್ಬಳೇ ಉಳಿದಳು. ಅಡಗಿಕೊಳ್ಳುತ್ತಾಳೆಂದು ಎಲ್ಲರೂ ಅಂದುಕೊಂಡರೆ ಅವಳು ನೇರ ಎದುರಾಳಿಯ ಕೋಟೆಗೇ ನುಗ್ಗಿದಳು. ಕೋಟೆ ಉರುಳಿತು. ಸಭಾಂಗಣ ಹುಚ್ಚೆದ್ದಿತು.

ಅಲ್ಲಿಂದ ಅವಳು ಓಡಿದ್ದು ಲಾ ಪಾಜ್ ಮಾರುಕಟ್ಟೆಗೆ, ತಾನು ಲೋಲಾ ಎಂದು ಕರೆಯುವ, ತನ್ನನ್ನು ಸಾಕಿದ ಅಜ್ಜಿಯ ಒಣಮೀನಿನ ಅಂಗಡಿಗೆ.

"ಲೋಲಾ, ಗೆದ್ವಿ!"

"ಅದಿರ್ಲಿ ಇಂದಾಯ್, ನನ್ನ ಪುಟ್ಟೀ, ಪಾಸಾದ್ಯಾ?"

ಹೌದೆಂದು ತಲೆಯಾಡಿಸಿದ್ದೇ ತಡ, ಅಜ್ಜಿ ತಕ್ಕಡಿ ಬಿಟ್ಟು ಎದ್ದು, ಸಾಲಿನ ಅಂಗಡಿಯವರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿ ಕರೆಯತೊಡಗಿದಳು.