ಮದುವೆ ಕೋಟಿಗೆ ಕೆಂಪು ಬಾಣ

ಭಾನುವಾರದ ಪುರವಣಿಯಲ್ಲಿ ಹಳೆಯ ಕಾಲದ ಫ್ರೆಂಚ್ ಡಿಸೈನರುಗಳನ್ನು ಹೊಗಳುವ ಬರಹ ಬಂದರೆ ನಾನು ಪುಟ ಮಗುಚುವುದಿಲ್ಲ. ಕೊನೆಯ ಸಾಲಿನವರೆಗೂ ಓದುತ್ತೇನೆ, ಓದಿ ಉರಿದುಕೊಳ್ಳುತ್ತೇನೆ. ಯಾವುದೋ ನಟಿ ಅಜ್ಜಿ ಕಾಲದ ಕೋಟು ತೊಟ್ಟು ಕ್ಯಾಮೆರಾಗಳ ಮುಂದೆ ನಿಂತಿರುತ್ತಾಳೆ. ಕೆಳಗೆ 'ವಿಂಟೇಜ್ ಗ್ಲಾಮರ್' ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ನನ್ನ ಕಣ್ಣು ಆಕೆಯ ಮುಖಕ್ಕೆ ಹೋಗುವುದೇ ಇಲ್ಲ, ನೇರವಾಗಿ ಕಾಲರಿಗೆ ಹೋಗುತ್ತದೆ. ಎರಡು ಮೂಲೆ ಸಮ ಇವೆಯೇ, ಹೊಲಿಗೆ ಎಲ್ಲಾದರೂ ಜಾರಿದೆಯೇ ಎಂದು ಹುಡುಕುತ್ತದೆ. ಇದು ನನ್ನ ರೋಗ. ಅಂಟಿಸಿದ್ದು ಗಾರ್ಮೆಂಟ್ಸ್.

ರಾಮನಗರದಿಂದ ಬಿಡದಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಫ್ಯಾಕ್ಟರಿ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು ಅವು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಜಾಗದಲ್ಲಿ ಒಂದರ ಪಕ್ಕ ಒಂದು ತಗಡಿನ ಶೆಡ್ ಏಳುತ್ತಿತ್ತು. ಬೆಳಗಾದರೆ ಚನ್ನಪಟ್ಟಣದಿಂದ, ಮಾಗಡಿಯಿಂದ, ಕನಕಪುರದ ಕಡೆಯ ಹಳ್ಳಿಗಳಿಂದ ಬಸ್ಸು ತುಂಬ ಹೆಂಗಸರು ಬಂದು ಇಳಿಯುತ್ತಿದ್ದರು. ನಾನು ರಾಮನಗರದವಳೇ. ನನ್ನದು ಚೆಕ್ಕರ್ ಕೆಲಸ. ಹೊಲಿದು ಬಂದ ಪೀಸನ್ನು ಟೇಬಲ್ಲಿನ ಮೇಲೆ ಹರಡಿ, ಟೇಪು ಹಿಡಿದು ಅಳೆದು, ತಪ್ಪು ಕಂಡ ಕಡೆ ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು. ಬಾಣ ಬಿದ್ದ ಪೀಸು ಹೊಲಿದವಳ ಬಳಿಗೇ ವಾಪಸ್ಸು ಹೋಗುತ್ತಿತ್ತು, ಅದರ ಹಿಂದೆಯೇ ಸೂಪರ್‌ವೈಸರನ ಬೈಗುಳವೂ ಹೋಗುತ್ತಿತ್ತು. ನನಗೆ ಮಿಷನ್ ತುಳಿಯಲು ಬರುತ್ತಿರಲಿಲ್ಲ, ತಪ್ಪು ಹುಡುಕಲು ಚೆನ್ನಾಗಿ ಬರುತ್ತಿತ್ತು. 'ನಿನ್ ಸೊಸೆ ಆಗೋಳ ಗತಿ ದೇವ್ರೇ ಕಾಯ್ಬೇಕು' ಎಂದು ಹೊಲಿಗೆ ಲೈನಿನವರು ರೇಗಿಸುತ್ತಿದ್ದರು.

ಹೊಲಿಯುವವರಿಗೆ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ತೋಳು ಹೊಲಿಯುವವಳು ತೋಳನ್ನೇ ಹೊಲಿಯಬೇಕು, ಇವತ್ತೂ ತೋಳು, ಮುಂದಿನ ದೀಪಾವಳಿಗೂ ತೋಳು. ಬಟ್ಟೆ ಕತ್ತರಿಸುವುದು ಗಂಡಸರ ಕಟಿಂಗ್ ಸೆಕ್ಷನ್, ಅಲ್ಲಿಗೆ ಇವರು ಕಾಲಿಡುವ ಹಾಗಿಲ್ಲ. ಹೀಗಾಗಿ ಲೈನಿನಲ್ಲಿ ಕೆಲಸವೇ ಹೆಸರಾಗಿಬಿಟ್ಟಿತ್ತು. ಕನಕಪುರ ರಸ್ತೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಗೆ ನಾವೆಲ್ಲ ಕಾಲರಿನವಳು ಅನ್ನುತ್ತಿದ್ದೆವು. ನನಗೆ ಅವಳೆಂದರೆ ಬಲು ಇಷ್ಟ. ಅವಳ ಪೀಸಿನ ಮೇಲೆ ನಾನು ಬಾಣ ಹಾಕುವ ಸಂದರ್ಭ ಬರುತ್ತಿದ್ದುದೇ ಅಪರೂಪ.

ಫ್ಯಾಕ್ಟರಿಯ ಬಾಗಿಲು ದಾಟುತ್ತಲೇ ಗೋಡೆಯ ಮೇಲೆ ಆಳೆತ್ತರದ ಕಪ್ಪುಬಿಳುಪು ಫೋಟೊ. ಫ್ರಾನ್ಸಿನ ಮುದುಕ ಡಿಸೈನರ್ ಒಬ್ಬ ನೆಲಕ್ಕೆ ಮಂಡಿಯೂರಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಸಿನಿಮಾ ನಟಿಯೊಬ್ಬಳ ಬಟ್ಟೆಯ ಅಂಚು ಸರಿಮಾಡುತ್ತಿದ್ದಾನೆ. ಆತನ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ತಾತ ಅನ್ನುತ್ತಿದ್ದೆವು. ಆ ವರ್ಷ ನಮ್ಮ ಲೈನಿಗೆ ಬಂದಿದ್ದು ತಾತನ ಕಾಲದ ಮಾದರಿಯ ಗಿಡ್ಡ ಕೋಟಿನ ಆರ್ಡರು. ಸೊಂಟದವರೆಗೆ ಬರುವ ಕೋಟು, ಕತ್ತಿಗೆ ಅಂಟದೆ ಸ್ವಲ್ಪ ದೂರ ನಿಂತು ಹೊರಳುವ ಕಾಲರು. ಎಚ್‌ಆರ್ ಮೇಡಂ ಬೆಳಗ್ಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದರು. ಆ ಮಹಾನುಭಾವ ಒಂದು ಕೋಟನ್ನು ಮೊದಲಿನಿಂದ ಕೊನೆಯವರೆಗೂ ತನ್ನ ಕೈಯಾರೆ ಮಾಡುತ್ತಿದ್ದನಂತೆ, ಒಂದೊಂದನ್ನೂ ಮಗುವಿನ ಹಾಗೆ ಪ್ರೀತಿಸುತ್ತಿದ್ದನಂತೆ. 'ನೀವೂ ಅಷ್ಟೇ ಪ್ರೀತಿಯಿಂದ ಹೊಲೀಬೇಕು' ಎಂದರು. ಬರೀ ಎಡಗಡೆಯ ಜೇಬನ್ನು ಯಾರಾದರೂ ಎಷ್ಟಂತ ಪ್ರೀತಿಸಲು ಸಾಧ್ಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಆಗಲೇ ಬೆಲ್ ಹೊಡೆದಿತ್ತು.

ಆ ಆರ್ಡರು ನಡೆಯುತ್ತಿದ್ದಾಗಲೇ ಕಾಲರಿನವಳಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕಬ್ಬಾಳಿನ ಹತ್ತಿರದವರು, ಬೇಸಾಯದ ಮನೆ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದು, ಅತ್ತೆಯಾಗುವವರ ಬಾಯಿಂದ ಹೂಂ ಅನ್ನಿಸಿಕೊಂಡಿದ್ದಳು. ಅವಳಿಗೆ ಹಳೆಯ ಕಪ್ಪುಬಿಳುಪು ಸಿನಿಮಾ ನಾಯಕಿಯರೆಂದರೆ ಪ್ರಾಣ. ಕಾಲರಿನ ಬ್ಲೌಸು, ಎತ್ತಿ ಕಟ್ಟಿದ ತುರುಬು, ಕಾಡಿಗೆ ತೀಡಿದ ಕಣ್ಣು. ಟೀವಿಯಲ್ಲಿ ಅಂಥ ಸಿನಿಮಾ ಬಂದ ಮರುದಿನ ಊಟದ ಹೊತ್ತಿನಲ್ಲಿ ನಮಗೆಲ್ಲ ಅದರ ವರದಿ ತಪ್ಪುತ್ತಿರಲಿಲ್ಲ.

ಒಂದು ದಿನ ಡಬ್ಬಿ ಬಿಚ್ಚುತ್ತಾ ಹೇಳಿದಳು, 'ರಿಸೆಪ್ಸನ್‌ಗೆ ಸೀರೆ ಮ್ಯಾಲೆ ಈ ಕೋಟೇ ಹಾಕ್ಕತೀನಿ ಕಣ್ರೇ.'

'ಕಂಪ್ನಿಯೋರು ಕೊಟ್ಬುಡ್ತಾರೇನೆ ನಿಂಗೆ?' ಎಂದೆ.

'ಅವ್ರು ಯಾಕ್ ಕೊಡ್ಬೇಕು? ಹೊಲೀತಿರೋರು ನಾವೇ ತಾನೆ?'

ನಾವು ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದೆವು. ಅವಳು ಹೇಳಿದ್ದು ನಿಜವೇ ಆಗಿತ್ತು. ಅಲ್ಲಿಯವರೆಗೂ ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಹೊಸ ಸೀರೆಗೆ ಹೊಂದುವ ಮೆರೂನ್ ರೇಷ್ಮೆ ಬಟ್ಟೆ ತಂದು ಮೂರು ಪಾಲು ಮಾಡಿದಳು. ತೋಳು ಹೊಲಿಯುವವರು ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಹೆಂಗಸು, ನಮಗೆಲ್ಲ ಆಪಾ. ತೋಳು ಅವರ ಪಾಲಿಗೆ. ಎದೆ ಬೆನ್ನು ಜೋಡಿಸುವವಳು ಮಾಗಡಿಯವಳು, ಮೈಭಾಗ ಅವಳಿಗೆ. ಕಾಲರು ಮದುಮಗಳದೇ. ಯಾರೂ ಫ್ಯಾಕ್ಟರಿಯಿಂದ ಅಳತೆಯ ಅಚ್ಚಿನ ಒಂದು ಚೂರು ಕಾಗದವನ್ನೂ ಒಯ್ಯಲಿಲ್ಲ. ಒಯ್ಯಲು ಸಾಧ್ಯವೂ ಇರಲಿಲ್ಲ. ಸಂಜೆ ಗೇಟಿನಲ್ಲಿ ನಮ್ಮ ಸೆರಗು, ಚೀಲ, ಊಟದ ಡಬ್ಬಿ ಎಲ್ಲವನ್ನೂ ಬಿಡಿಸಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಮೂವರೂ ತಮ್ಮ ತಮ್ಮ ಮನೆಯಲ್ಲಿ, ಕೈಗೆ ನೆನಪಿದ್ದ ಹಾಗೆ ಬಟ್ಟೆ ಕತ್ತರಿಸಿ ಹೊಲಿದರು.

ಭಾನುವಾರ ಮದುಮಗಳ ಮನೆಯಲ್ಲಿ ಸೇರಿ ತುಂಡುಗಳನ್ನು ಜೋಡಿಸಿ ನೋಡಿದರೆ ದೇವರೇ ಗತಿ. ಆಪಾ ಹೊಲಿದ ತೋಳು ಇವಳ ಬೆರಳ ತುದಿಯನ್ನೂ ದಾಟಿ ಜೋತಾಡುತ್ತಿತ್ತು. ಇವಳ ಕೈ ಎಷ್ಟುದ್ದ ಇದೆ ಎಂದು ಅವರು ಅಳೆದೇ ಇರಲಿಲ್ಲ.

'ನನ್ ಕೈಗೆ ಅದೇ ಅಳತೆ ಗೊತ್ತಿರೋದಮ್ಮ' ಎಂದರು ಆಪಾ. 'ದಿನಾ ಆ ಫಾರಿನ್ ಹೆಂಗಸಿಂದೇ ತೋಳು ಹೊಲ್ದೂ ಹೊಲ್ದೂ, ಬೇರೇದು ಬರೋದೇ ಇಲ್ಲ.'

ಮಾಗಡಿಯವಳ ಮೈಭಾಗವೋ ರವಿಕೆಗಿಂತ ಬಿಗಿ. 'ಜೋಡ್ಸದು ಗೊತ್ತು, ಕತ್ರಿಸದು ಯಾವತ್ತ್ ಮಾಡಿದ್ದೆ ನಾನು?' ಎಂದು ಅವಳು ತಲೆ ಚಚ್ಚಿಕೊಂಡಳು. ಮೊದಲು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಆಪಾ ಆ ತೋಳನ್ನು ತಮ್ಮ ಕೈಗೇ ಇಟ್ಟು ಅಳೆದು ನೋಡಿದರು. ನನಗೆ ಮೈಯೆಲ್ಲ ಉರಿಯಿತು. ದಿನವೂ ರಾಶಿ ರಾಶಿ ಕೋಟು ಹೊಲಿಯುವವರು ಎಲ್ಲರೂ ಸೇರಿದರೂ ಒಂದು ಕೋಟು ಹೊಲಿಯಲು ಬಾರದ ಹಾಗೆ ಫ್ಯಾಕ್ಟರಿಯವರು ಮಾಡಿಟ್ಟಿದ್ದರಲ್ಲ! ಕಲಿಸಲಿಲ್ಲ ಎಂಬುದಲ್ಲ ನನ್ನ ಸಿಟ್ಟು. ಆಪಾ ತಮ್ಮ ಮದುವೆಗೆ ಮುಂಚೆ ಮನೆಯಲ್ಲಿ ಲಂಗ, ಕುರ್ತಾ, ಏನು ಕೇಳಿದರೂ ಹೊಲಿಯುತ್ತಿದ್ದವರು. ಬರುತ್ತಿದ್ದುದನ್ನೂ ಮರೆಸಿಬಿಟ್ಟಿದ್ದರು.

ಕಾಲರು ಮಾತ್ರ ಹಾಗಲ್ಲ. ಅದು ಅವಳ ಕತ್ತಿನ ಸುತ್ತ ಹೇಗೆ ಕೂರಬೇಕೋ ಹಾಗೆಯೇ ಕೂತಿತ್ತು. ನಾನು ಹತ್ತಿರ ಹೋಗಿ, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದು ಕೊರತೆ ಸಿಗಲಿಲ್ಲ. ತೋಳನ್ನು ಒಳಗೆ ಮಡಚಿ, ಕಂಕುಳಲ್ಲಿ ಪಟ್ಟಿ ಕೊಟ್ಟು, ಹೇಗೋ ಕೋಟು ಅನ್ನಿಸಿದೆವು. ರಿಸೆಪ್ಷನ್ ದಿನ ಅವಳು ತುರುಬು ಎತ್ತಿ ಕಟ್ಟಿ, ಆ ಕಾಲರಿನ ನಡುವೆ ಮುಖ ಎತ್ತಿ ನಿಂತಾಗ ಛತ್ರದಲ್ಲಿದ್ದ ಹುಡುಗಿಯರೆಲ್ಲ ಸ್ಟೇಜಿನ ಹತ್ತಿರ ಹೋಗಿ ಗುಂಪು ಕಟ್ಟಿದರು. ಅವಳ ಅತ್ತೆ ಮಾತ್ರ ಪಕ್ಕದವರ ಹತ್ತಿರ 'ಏನವ್ವಾ, ನನ್ ಸೊಸೆ ಪೋಲೀಸ್ನೋಳಂಗೆ ಕಾಲರ್ ಎತ್ಕಂಡ್ ನಿಂತವ್ಳೆ' ಎಂದರು. ಹಾಗೆಂದರೂ ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಅವಳು ಮಾಡಿದ್ದು ಒಂದೇ ತಪ್ಪು. ರಜೆ ಮುಗಿಸಿ ಬಂದವಳು ಮದುವೆ ಆಲ್ಬಮ್ಮನ್ನು ಫ್ಯಾಕ್ಟರಿಗೆ ತಂದಳು. ಊಟದ ಹೊತ್ತಿನಲ್ಲಿ ಅದು ಕೈಯಿಂದ ಕೈಗೆ ಹೋಗಿ ಸೂಪರ್‌ವೈಸರನ ಕೈಗೂ ಸಿಕ್ಕಿತು. ಅವನು ಅದನ್ನು ಎತ್ತಿಕೊಂಡು ಮ್ಯಾನೇಜರ ಕೋಣೆಗೆ ಹೋದ. ಸಂಜೆಯೊಳಗೆ ಗಲಾಟೆಯೇ ಎದ್ದಿತು. ಆ ಕೋಟು ಇನ್ನೂ ಹೊರದೇಶದ ಅಂಗಡಿಗೇ ಹೋಗಿರಲಿಲ್ಲವಂತೆ. ಪ್ಯಾಟರ್ನು, ಅಂದರೆ ಬಟ್ಟೆ ಕತ್ತರಿಸುವ ಕಾಗದದ ಅಚ್ಚು, ಕಳ್ಳತನವಾಗಿದೆಯಂತೆ. ನಾಳೆ ಕೋಟು ತಂದು ತೋರಿಸಬೇಕು, ಇಲ್ಲವಾದರೆ ಪೊಲೀಸ್ ಕಂಪ್ಲೇಂಟು ಎಂದರು. ಕಳ್ಳಿ ಅನ್ನಿಸಿಕೊಂಡು ಹೊರಗೆ ಬಿದ್ದರೆ ಬಿಡದಿಯಿಂದ ಚನ್ನಪಟ್ಟಣದವರೆಗೆ ಯಾವ ಗಾರ್ಮೆಂಟ್ಸ್ ಗೇಟೂ ಅವಳಿಗೆ ತೆರೆಯುತ್ತಿರಲಿಲ್ಲ. ಹೊಸದಾಗಿ ಸೇರಿದ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಮರುದಿನ ನನ್ನನ್ನು ಟೇಪು, ಸ್ಟಿಕರಿನ ಸಮೇತ ಒಳಗೆ ಕರೆದರು. ಮ್ಯಾನೇಜರು, ಸೂಪರ್‌ವೈಸರು, ಎಚ್‌ಆರ್ ಮೇಡಂ ಕೂತಿದ್ದರು. ಕಾಲರಿನವಳು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು. ಮೇಜಿನ ಮೇಲೆ ಮೆರೂನ್ ಕೋಟು. ಎದೆಯ ಹತ್ತಿರ ಆರತಿಯ ಕುಂಕುಮದ ಕಲೆ ಇನ್ನೂ ಹೋಗಿರಲಿಲ್ಲ.

'ಅಳೆಯಮ್ಮ' ಎಂದರು ಮ್ಯಾನೇಜರು. 'ನಮ್ಮ ಅಳತೆಗೆ ಹೊಂದಿದ್ರೆ ನಮ್ಮ ಪ್ಯಾಟರ್ನೇ. ಹೊಂದದೆ ಇದ್ರೆ ಏನೋ ನೋಡ್ಕೊಂಡು ಕಾಪಿ ಹೊಡೆದಿದ್ದಾರೆ ಅಂತ ಬಿಟ್ಬಿಡ್ತೀನಿ. ಔಟ್ ಆದ ಕಡೆ ಬಾಣ ಹಾಕು.'

ನನಗೆ ಅರ್ಥವಾಯಿತು. ನನ್ನ ಗೆಳತಿ ಕಳ್ಳಿಯಲ್ಲ ಅನ್ನಿಸಿಕೊಳ್ಳಬೇಕಾದರೆ ಅವಳ ಮದುವೆ ಕೋಟು ಕಳಪೆ ಅನ್ನಿಸಿಕೊಳ್ಳಬೇಕು. ತೋಳಿನ ಮಡಿಕೆಗೆ ಬಾಣ ಹಾಕಿದೆ. ಕಂಕುಳ ಪಟ್ಟಿಗೆ ಹಾಕಿದೆ. ಎದೆ, ಬೆನ್ನು, ಭುಜ, ಅಂಚು, ಯಾವುದನ್ನೂ ಬಿಡಲಿಲ್ಲ. ಮೆರೂನ್ ರೇಷ್ಮೆಯ ಮೇಲೆ ಎಲ್ಲೆಲ್ಲೂ ಕೆಂಪು. ಮ್ಯಾನೇಜರ ಹಣೆಯ ಗಂಟು ಸಡಿಲವಾಗಿ ನಗು ಬಂತು. 'ಇದನ್ನ ಹಾಕ್ಕೊಂಡು ಮದ್ವೆ ಆದ್ಯೇನಮ್ಮಾ ನೀನು?' ಎಂದರು. ಸೂಪರ್‌ವೈಸರ್ ಕಿಸಕ್ಕೆಂದ. ಮೇಡಂ ಕೂಡ ಬಾಯಿಗೆ ಕರ್ಚೀಫು ಇಟ್ಟುಕೊಂಡರು. ಆ ಟೇಪಿನಿಂದಲೇ ಮೂವರಿಗೂ ಬಾರಿಸಬೇಕು ಎಂದು ನನ್ನ ಕೈ ತುರಿಸುತ್ತಿತ್ತು.

ಉಳಿದಿದ್ದು ಕಾಲರು. ಟೇಪು ಹಿಡಿದೆ. ಒಂದು ನೂಲು ಆಚೆ ಈಚೆ ಇಲ್ಲ. ಕಾಗದವಿಲ್ಲದೆ, ಅಚ್ಚಿಲ್ಲದೆ, ತನ್ನ ಹಳ್ಳಿಮನೆಯ ಜಗಲಿಯಲ್ಲಿ ಕೂತು ಕತ್ತರಿಸಿದ ಕಾಲರು ಕಂಪನಿಯ ಅಳತೆಗೆ ಸರಿಯಾಗಿ ಹೊಂದಿತ್ತು. ಬೇರೆ ಎಲ್ಲಿಯಾದರೂ ಆಗಿದ್ದರೆ ಇಂಥ ಕೈಗೆ ಹಾರ ಹಾಕುತ್ತಿದ್ದರು. ಇಲ್ಲಿ ಅದೇ ಅವಳ ವಿರುದ್ಧದ ಸಾಕ್ಷಿ.

'ಕಾಲರ್ ಎಷ್ಟಿದೆ?' ಎಂದರು ಮ್ಯಾನೇಜರು.

'ಮುಕ್ಕಾಲು ಇಂಚು ಔಟು ಸಾರ್. ಮೂಲೆಗಳೂ ಸಮ ಇಲ್ಲ' ಎಂದೆ. ಎಂದು ಬಾಣ ಅಂಟಿಸಿದೆ.

ಅವರು ಬಗ್ಗಿ ಸಹ ನೋಡಲಿಲ್ಲ. ಕೋಟನ್ನು ಅವಳ ಕಡೆ ತಳ್ಳಿದರು. 'ಇಷ್ಟು ಕೆಟ್ಟ ಹೊಲಿಗೆ ನಮ್ಮ ಫ್ಯಾಕ್ಟರಿದಲ್ಲ ಬಿಡಿ. ಹೋಗಮ್ಮ, ಕೆಲ್ಸ ನೋಡು.' ಅವರ ಫ್ಯಾಕ್ಟರಿಯ ಕೋಟುಗಳನ್ನು ಹೊಲಿಯುವ ಕೈಗಳೇ ಇದನ್ನೂ ಹೊಲಿದಿದ್ದು ಎಂದು ಕಿರುಚಬೇಕೆನಿಸಿತು. ಕಿರುಚಿದ್ದರೆ ಅವಳ ಕೆಲಸ ಹೋಗುತ್ತಿತ್ತು. 'ಥ್ಯಾಂಕ್ಸ್ ಸಾರ್' ಎಂದು ಅವಳು ಕೋಟನ್ನು ಎದೆಗೆ ಅವುಚಿಕೊಂಡು ಹೊರಬಂದಳು.

ಸಂಜೆ ಬಸ್‌ಸ್ಟಾಪಿನಲ್ಲಿ ಅವಳು ಒಂದೊಂದೇ ಬಾಣ ಕಿತ್ತು ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, 'ಕಾಲರ್‌ನಾಗೆ ತಪ್ಪೇನೂ ಇರ್ನಿಲ್ಲ ಕಣೆ. ಕರೆಕ್ಟಾಗಿತ್ತು. ಅದುಕ್ಕೇ ಸುಳ್ಳೇಳ್ದೆ' ಎಂದೆ.

ಅವಳು ಕಾಲರಿನ ಮೇಲಿನ ಬಾಣವನ್ನು ಉಗುರಿನಿಂದ ಎಬ್ಬಿಸುತ್ತಾ ನಕ್ಕಳು. 'ನಂಗೆ ಬೇಜಾರಾಯ್ತದೆ ಅಂತ ಹಂಗಂತೀಯ ಬುಡಕ್ಕ. ನೀನು ಯಾವತ್ತಾರ ಸುಳ್ಳು ಬಾಣ ಹಾಕಿದ್ದೀಯಾ? ನಂಗೊತ್ತಿಲ್ವಾ ನಿನ್ ಬುದ್ಧಿ?'

ಆಣೆ ಮಾಡಿದೆ, ಬೈದೆ, ಭುಜ ಹಿಡಿದು ಅಲುಗಾಡಿಸಿದೆ. ಅವಳು ನಂಬಲಿಲ್ಲ. ಮರುದಿನದಿಂದ ಕತ್ತಿಗೆ ಒಂದು ಟೇಪು ನೇತುಹಾಕಿಕೊಂಡು ಬರತೊಡಗಿದಳು. ಕಣ್ಣು ಮುಚ್ಚಿಕೊಂಡು ಹೊಲಿಯುತ್ತಿದ್ದವಳು ಈಗ ಒಂದೊಂದು ಕಾಲರನ್ನೂ ಅಳೆದು, ಮತ್ತೊಮ್ಮೆ ಅಳೆದು, ಆಮೇಲೂ ಅನುಮಾನದಿಂದಲೇ ನನ್ನ ಟೇಬಲ್ಲಿನ ಕಡೆ ತಳ್ಳುತ್ತಿದ್ದಳು.