ಮೆಟ್ಟಿಲೇರಿದ ಕೌದಿ

ನಮ್ಮ ಗಾಜಿನ ಕಪಾಟಿನಲ್ಲಿ ಆರು ಪಿಂಗಾಣಿ ಕಪ್ಪುಗಳಿದ್ದವು, ನನ್ನ ಮದುವೆಯಲ್ಲಿ ಉಡುಗೊರೆಯಾಗಿ ಬಂದವು; ನೀಲಿ ಹೂವಿನ ಆ ಕಪ್ಪುಗಳನ್ನು ಪ್ರತಿ ದೀಪಾವಳಿಗೆ ತೊಳೆದು, ಒರೆಸಿ, ಕಿವಿಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಮತ್ತೆ ಜೋಡಿಸಿಡುತ್ತಿದ್ದೆನೇ ಹೊರತು ಅವುಗಳಲ್ಲಿ ಯಾರೂ ಒಂದು ಗುಟುಕು ಚಹಾ ಕುಡಿದದ್ದಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದೇನೋ ಇದ್ದೇ ಇರುತ್ತದೆ.

ಜೋಡಿಸಿಡುವ ಈ ಚಟ ನನಗೆ ತವರಿನ ಬಳುವಳಿ. ರಾಮದುರ್ಗದಲ್ಲಿ ಚೈತ್ರಗೌರಿಯನ್ನು ಕೂರಿಸುವಾಗ ಅವ್ವ ಮೆಟ್ಟಿಲು ಮೆಟ್ಟಿಲಾಗಿ ಹಲಗೆಯಿಟ್ಟು, ಜರಿಸೀರೆ ಹಾಸಿ, ಎತ್ತರದ ಹಿತ್ತಾಳೆ ಸಮೆಗಳಲ್ಲಿ ದೀಪ ಹಚ್ಚಿದಳೆಂದರೆ ಅರಿಷಿಣ ಕುಂಕುಮಕ್ಕೆ ಬಂದ ಹೆಣ್ಣುಮಕ್ಕಳು ಕೋಸಂಬರಿ ಮರೆತು ನಿಂತು ನೋಡುತ್ತಿದ್ದರು. ಹೀಗಾಗಿ, ಬೈಲಹೊಂಗಲದ ನಮ್ಮ ಮಹಿಳಾ ಮಂಡಳದವರು ಹೆಣ್ಣುಮಕ್ಕಳ ಶಾಲೆಗೊಂದು ಓದುವ ಕೋಣೆ ಕಟ್ಟಿಸಲು ಮೌನ ಲಿಲಾವು ನಡೆಸುವುದೆಂದಾಗ ಸಾಮಾನು ಹೊಂದಿಸಿಡುವ ಕೆಲಸ ಯಾರೂ ಕೇಳದೆಯೇ ನನ್ನ ಪಾಲಿಗೆ ಬಂತು. ಕೂಗಾಟವಿಲ್ಲದ ಹರಾಜು ಅದು. ಪ್ರತಿ ವಸ್ತುವಿನ ಮುಂದೊಂದು ಹಾಳೆ; ಬೇಕಾದವರು ಹೆಸರನ್ನೂ ಬೆಲೆಯನ್ನೂ ಬರೆಯಬೇಕು, ಇನ್ನೂ ಬೇಕೆನ್ನುವವರು ಕೆಳಗೆ ಹೆಚ್ಚಿಗೆ ಬರೆಯಬೇಕು.

ಮಂಡಳದ ಪಡಸಾಲೆಯಲ್ಲಿ ಅವ್ವನಂತೆಯೇ ಹಲಗೆಯ ಮೆಟ್ಟಿಲು ಕಟ್ಟಿದೆ. ಅಡಕತ್ತರಿ, ಉಪ್ಪಿನಕಾಯಿ ಭರಣಿ, ಕಸೂತಿಯ ಸೀರೆ ಎಲ್ಲ ಬಂದವು. ಜೊತೆಗೆ ನೀಲವ್ವನ ಕೌದಿ. ನೀಲವ್ವ ಹತ್ತಿರದ ಚಚಡಿ ಹಳ್ಳಿಯವಳು, ವರ್ಷಾನುವರ್ಷದಿಂದ ನಮ್ಮ ಮನೆಗೆ ಬೆಣ್ಣೆ ತರುವಾಕೆ. ಆಕೆಯ ಮೊಮ್ಮಗಳು ಅದೇ ಶಾಲೆಯಲ್ಲಿ ಓದುತ್ತಾಳೆ. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ತಾನೇ ಹೊಲಿದ ಕೌದಿಯನ್ನು ನನ್ನ ಕೈಗಿಡುವಾಗ, "ಬಾಯಾರ, ಯಾರೂ ಬರೀಲಿಲ್ಲಂದ್ರ ಹೊಳ್ಳಿ ಒಯ್ಯೂದು ಬಾಳ ನಾಚಿಕಿ ನೋಡ್ರಿ. ಹುಡಿಗಿ ಗೆಳತ್ಯಾರಿಗೆಲ್ಲಾ ಹೇಳಿಬಿಟ್ಟಾಳ" ಎಂದಿದ್ದಳು. ಆಕೆಯ ಮೇಲಿನ ಅಕ್ಕರೆಯಿಂದಲೇ ನಾನು ಅದನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೇರಿಸಿ, ಎರಡೂ ಕಡೆ ಸಮೆ ಹಚ್ಚಿ, ಮಲ್ಲಿಗೆ ಮಾಲೆ ಇಳಿಬಿಟ್ಟೆ.

ಚಂದವಾಯಿತು, ಅತಿ ಚಂದವಾಯಿತು. ಲಿಲಾವಿನ ದಿನ ಬಂದವರು ಬಾಗಿಲಲ್ಲೇ ಚಪ್ಪಲಿ ಕಳಚಿ, ಮೇಲಿನ ಮೆಟ್ಟಿಲಿಗೆ ಕೈಮುಗಿದರು. ಒಬ್ಬಾಕೆಯಂತೂ ಕೌದಿಗೆ ಅರಿಷಿಣ ಕುಂಕುಮ ಏರಿಸಿ ಎಲೆ ಅಡಿಕೆ ಇಟ್ಟು ಹೋದಳು. ಪೂಜೆಗೊಂಡದ್ದಕ್ಕೆ ಬೆಲೆ ಬರೆಯುವ ಧೈರ್ಯ ಯಾರಿಗಿದೆ? ಕೆಳಗಿನ ಹಾಳೆಗಳು ಹೇಗೋ ತುಂಬತೊಡಗಿದವು. ಕೌದಿಯದು ಮಾತ್ರ ಮಧ್ಯಾಹ್ನ ಕಳೆದರೂ ಖಾಲಿ. ಕಂಬಕ್ಕೊರಗಿ ಕುಳಿತ ನೀಲವ್ವ ಅದನ್ನೇ ನೋಡುತ್ತಿದ್ದಳು.

ಕೊನೆಗೆ ಆಕೆಯೇ ಎದ್ದು ಬಂದಳು. "ಕೌದಿ ಕೈ ಮುಗಿಯೂದಲ್ಲರಿ, ಹೊಚಗೊಳ್ಳೂದು. ಕೆಳಗ ಇಳಸ್ರಿ, ಮಂದಿ ಕುಂಡ್ರಲಿ ಅದರ ಮ್ಯಾಲ."

ನನ್ನ ಜಂಬಕ್ಕೆ ಪೆಟ್ಟು ಬಿದ್ದದ್ದು ನಿಜ. ಆದರೂ ಇಳಿಸಿ ಬಾಗಿಲ ಬಳಿಯ ಬೆಂಚಿನ ಮೇಲೆ ಹಾಸಿದೆ. ದಣಿದ ಹೆಂಗಸರು ಕುಳಿತರು, ಮಕ್ಕಳು ಅಡ್ಡಾದವು, ಮಾತಿನ ನಡುವೆ ಕೈಗಳು ಹೊಲಿಗೆಯ ಸಾಲುಗಳನ್ನು ಸವರತೊಡಗಿದವು. ನಿವೃತ್ತ ಮಾಸ್ತರರೊಬ್ಬರು ಮೂಲೆಯೊಂದನ್ನು ಹಿಚುಕಿ, "ಇಲ್ಲೇನೋ ಗಟ್ಟಿ ಹತ್ತತದಲ್ಲ?" ಎಂದು ಕೇಳಿದರು.

"ರೊಟ್ಟಿ ಚೂರ್ರಿ ಅದು. ಹೊಚಗೊಂಡವ್ರು ಹಸದು ಮಲಗಬಾರ್ದು ಅಂತ ಒಳಗಿಟ್ಟ ಹೊಲದೇನಿ" ಎಂದಳು ನೀಲವ್ವ.

ಮಾಸ್ತರರು ನನ್ನತ್ತ ಕೈಚಾಚಿ ಪೆನ್ನು ಕೇಳಿ, ಹಾಳೆಯಲ್ಲಿ ಬರೆದರು. ಅವರ ಹೆಸರಿನ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು. ಸಂಜೆಯೊಳಗೆ ಹಾಳೆ ತುಂಬಿ ಹಿಂಬದಿಗೆ ಹೊರಳಿತು. ನೀಲವ್ವನಿಗೆ ಓದಲು ಬಾರದು. ಶಾಲೆ ಬಿಟ್ಟೊಡನೆ ಓಡಿಬಂದ ಮೊಮ್ಮಗಳು ಬೆರಳಿಟ್ಟು ಒಂದೊಂದೇ ಹೆಸರು ಓದಿ ಹೇಳಿದಳು, ಅಜ್ಜಿ ಎರಡು ಸಲ ಓದಿಸಿದಳು.

ಚಂದ ಮಾಡುವುದೆಂದರೆ ಎತ್ತರಕ್ಕಿಡುವುದು ಎಂದು ನಾನು ಇಷ್ಟು ದಿನ ನಂಬಿದ್ದೆ. ಎತ್ತರಕ್ಕಿಟ್ಟದ್ದಕ್ಕೆ ನಾವು ಕೈಮುಗಿಯುತ್ತೇವೆ, ಹತ್ತಿರ ಮಾತ್ರ ಸುಳಿಯುವುದಿಲ್ಲ. ಮನುಷ್ಯರನ್ನೂ ಹೀಗೆಯೇ, ಅಕ್ಕರೆಯ ಹೆಸರಿನಲ್ಲಿ, ಒಂದೊಂದು ಮೆಟ್ಟಿಲಿನ ಮೇಲೆ ಕೂರಿಸಿರುತ್ತೇವೇನೋ.

ಮರುವಾರ ನೀಲವ್ವ ಬೆಣ್ಣೆ ತಂದಾಗ, ಚಹಾ ಕೊಡಲೆಂದು ಆಕೆಗಾಗಿಯೇ ಬೇರೆ ಇಟ್ಟಿದ್ದ ಸ್ಟೀಲಿನ ಲೋಟಕ್ಕೆ ಕೈಹಾಕಿದವಳು ಹಾಗೇ ನಿಂತೆ. ಅತ್ತೆಯ ಕಾಲದಿಂದ ಆ ಲೋಟ ಅಲ್ಲೇ ಇತ್ತು, ಇಷ್ಟು ವರ್ಷ ನಾನದನ್ನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. ಕಪಾಟಿನ ಗಾಜು ಸರಿಸಿ ಎರಡು ನೀಲಿ ಹೂವಿನ ಕಪ್ಪು ತೆಗೆದೆ.

ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಊದಿ ಕುಡಿಯುತ್ತ ಆಕೆ, "ಇಷ್ಟ ದಿನಾ ಇವನ್ನ ಯಾರ ಸಲುವಾಗಿ ಇಟ್ಟಿದ್ರಿ ಬಾಯಾರ?" ಎಂದಳು. ನಾನು ನನ್ನ ಕಪ್ಪು ಹಿಡಿದು ಆಕೆಯ ಪಕ್ಕದಲ್ಲಿ ಕುಳಿತೆ.

ತೊಳೆಯುವಾಗ ಒಂದು ಕಪ್ಪು ಒಡೆಯಿತು. ಉಳಿದ ಐದು ಈಗ ಒಲೆಯ ಪಕ್ಕದಲ್ಲೇ ಇವೆ, ಕಿವಿಗಳು ಒಂದೊಂದು ದಿಕ್ಕಿಗೆ.