ವಿಮಾನ ಇಳಿದು ಕಾರು ಹತ್ತಿದಳು

ಕಳೆದ ಭಾನುವಾರ ನನ್ನ ಯುದ್ಧವಿಮಾನ ಎರಡೇ ನಿಮಿಷದಲ್ಲಿ ಸಮುದ್ರಕ್ಕೆ ಬಿತ್ತು. ಬೀಳುವ ಮುಂಚೆ ಟೀಪಾಯಿ ಮೇಲಿದ್ದ ಮಂಡಕ್ಕಿ ತಟ್ಟೆಯನ್ನೂ ಕೆಡವಿತು.

ಗಾಬರಿಯಾಗಬೇಡಿ. ಇದು ನಡೆದದ್ದು ಸಿರುಗುಪ್ಪದಲ್ಲಿ, ನನ್ನ ಹೆಂಡತಿ ಶಾರದಾಳ ತಮ್ಮ ಗಿರೀಶನ ಮನೆಯ ಹಾಲ್‌ನಲ್ಲಿ. ಅದಿರು ಸಾಗಿಸಲು ಎರಡು ಲಾರಿ ಬಿಟ್ಟ ಮೇಲೆ ಅವನ ಮನೆಗೆ ಬಾಗಿಲಿನಷ್ಟು ದೊಡ್ಡ ಟಿವಿ ಬಂದಿದೆ. (ನಮ್ಮ ಬಳ್ಳಾರಿ ಸೀಮೆಯಲ್ಲಿ ಈಗ ಯಾರ ಮನೆಗೆ ಏನು ಬಂದರೂ ಆಶ್ಚರ್ಯಪಡುವ ಹಾಗಿಲ್ಲ.) ಅದರ ಹಿಂದೆಯೇ ಈ ಜಪಾನಿ ಗೇಮ್. ನೀಲಿ ಕೂದಲಿನ, ಅರ್ಧ ಮುಖ ತುಂಬುವ ಕಣ್ಣುಗಳ ಕಾರ್ಟೂನ್ ಪೈಲಟ್‌ಗಳು. ಕೈಯಲ್ಲಿನ ರಿಮೋಟ್ ವಾಲಿಸಿದರೆ ವಿಮಾನ ವಾಲುತ್ತದೆ, ಎತ್ತಿದರೆ ಏರುತ್ತದೆ.

ನಾನು ರಿಮೋಟ್ ಜೊತೆ ಇಡೀ ಮೈಯನ್ನೇ ವಾಲಿಸಿದ್ದೆ.

"ಮುಂಗೈ ತಿರುವಿದ್ರ ಸಾಕು, ಭಾವ" ಎಂದು ಗಿರೀಶ ನಕ್ಕ. "ಅಕ್ಕಾ, ನೀ ಬಾ."

ಶಾರದಾ ಸೆರಗು ಸಿಕ್ಕಿಸಿ ಸೋಫಾದ ತುದಿಗೆ ಕೂತಳು. ಅವಳ ವಿಮಾನದ ಬೆನ್ನಿಗೆ ಮೂರು ಶತ್ರು ವಿಮಾನ. "ಏರು! ಎಡಕ್ಕ! ಹೊಡಿ!" ಅಂತ ಕೂಗಿದವನು ನಾನು. ಅವಳು ಕೇಳಿಸಿಕೊಳ್ಳಲೇ ಇಲ್ಲ. ಸುಮ್ಮನೆ ವೇಗ ತಗ್ಗಿಸಿದಳು. ಮೂರೂ ರೊಯ್ಯನೆ ಮುಂದೆ ಹೋದವು. ಹಿಂದಿನಿಂದ ಒಂದೊಂದನ್ನೇ ಉರುಳಿಸಿದಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಶಾರದಾ ಕುರುಗೋಡಿನಲ್ಲಿ ಟೀಚರ್. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ತಲೆಯೆಲ್ಲ ಕೆಂಪು ಧೂಳು ಮಾಡಿಕೊಂಡು ಬರುತ್ತಾಳೆ. ನಮ್ಮ ಕಾರು? ಅದು ನನ್ನನ್ನು ಎರಡು ಕಿಲೋಮೀಟರ್ ಆಚೆಯ ಆಫೀಸಿಗೆ ಬಿಟ್ಟು, ಸಂಜೆತನಕ ಬೇವಿನ ಮರದ ಕೆಳಗೆ ನಿದ್ದೆ ಮಾಡುತ್ತದೆ. "ನಾ ಕಾರು ಕಲೀತೀನ್ರೀ" ಎಂದಾಗಲೆಲ್ಲ ನನ್ನದು ಒಂದೇ ಉತ್ತರ: "ಅದಿರು ಲಾರಿ ಹೆಂಗ ಬರ್ತಾವ ನೋಡೀಯಿಲ್ಲ? ಬ್ಯಾಡ." ಪ್ರೀತಿಯಿಂದಲೇ ಹೇಳುತ್ತಿದ್ದೆ. (ಬೇಡ ಅನ್ನುವವರೆಲ್ಲ ಪ್ರೀತಿಯಿಂದಲೇ ಅನ್ನುತ್ತಾರೆ, ಗಮನಿಸಿದ್ದೀರಾ?)

ಮಧ್ಯಾಹ್ನ ಹೊರಟಾಗ ಗೇಟಿನ ಹತ್ತಿರ ಅವಳು ಕೈ ಚಾಚಿದಳು.

"ಕೀ ಕೊಡ್ರಿ."

"ಏ, ಅದು ಗೇಮು. ಇದು ರಸ್ತಿ."

"ಗೇಮ್ ನೋಡಿ ಕೊಡಬ್ಯಾಡ್ರಿ. ನಾ ಕೇಳಾಕ ಹತ್ತಿ ನಾಕು ವರ್ಷ ಆತಲ್ಲ, ಅದಕ್ಕ ಕೊಡ್ರಿ."

ಗಿರೀಶ ಗೇಟಿನ ಚಿಲಕವನ್ನೇ ಪರೀಕ್ಷೆ ಮಾಡುತ್ತ ನಿಂತುಬಿಟ್ಟ. ಕೀ ಕೊಟ್ಟೆ. ಎರಡು ಫರ್ಲಾಂಗ್ ಮಾತ್ರ, ಅಂತ ಷರತ್ತು ಹಾಕಿ.

ಕಾರು ಜರ್ಕ್ ಹೊಡೆಯಲಿಲ್ಲ. ಸೆಕೆಂಡ್, ಥರ್ಡ್... ಇಲ್ಲದ ಬ್ರೇಕನ್ನು ತುಳಿಯುತ್ತ ಕೂತವನು ನಾನು. ಊರು ದಾಟಿದ ಮೇಲೆ ಎದುರಿಗೆ ಬಂತು ನೋಡಿ ಲಾರಿ, ತಾಡಪತ್ರಿ ಹಾರಿಸಿಕೊಂಡು, ನಮ್ಮ ಕಡೆಯ ಅರ್ಧ ರಸ್ತೆಯನ್ನೂ ನುಂಗಿಕೊಂಡು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಾರು ಪಕ್ಕಕ್ಕೆ ನಿಂತಿತ್ತು, ಲಾರಿ ದಾಟಿಹೋಗಿತ್ತು, ಶಾರದಾ ವೈಪರ್ ಹಾಕಿ ಗಾಜಿನ ಮೇಲಿನ ಕೆಂಪು ಧೂಳು ಒರೆಸುತ್ತಿದ್ದಳು. ಎರಡು ಫರ್ಲಾಂಗ್ ಯಾವಾಗಲೋ ಮುಗಿದಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

"ಯಾವಾಗ ಕಲ್ತಿ?" ಎಂದೆ.

"ಹೋದ ವರ್ಷ. ಸಾಲಿ ಬಿಟ್ಟ ಮ್ಯಾಲ, ನಮ್ಮ ಹೆಡ್ ಮೇಡಂ ಕಾರಿನ್ಯಾಗ. ಲೈಸೆನ್ಸೂ ಐತಿ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ. ಆಮ್ಯಾಲ ನಿಮ್ಮ ಮಾತು ಮೀರಿದಂಗ ಆಗ್ತಿತ್ತು."

ಒಂದಿಷ್ಟು ದೂರ ಮುಖ ಊದಿಸಿಕೊಂಡು ಕೂತೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಕಿಟಕಿಯಾಚೆ ಭತ್ತದ ಗದ್ದೆ ಕಂಡಿತು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದರೂ ಅದರ ಹಸಿರನ್ನು ನೆಮ್ಮದಿಯಾಗಿ ನೋಡಿದ್ದು ಅವತ್ತೇ. ಬಳ್ಳಾರಿ ಬಂದದ್ದೂ ಗೊತ್ತಾಗಲಿಲ್ಲ. ನಾನು ನಿದ್ದೆ ಹೋಗಿದ್ದೆ.

ಸೋಮವಾರದಿಂದ ಕಾರು ಕುರುಗೋಡಿಗೆ ಹೋಗುತ್ತಿದೆ. ನಾನು ಆಫೀಸಿಗೆ ನಡೆದು ಹೋಗುತ್ತೇನೆ. ದಾರಿಯಲ್ಲಿ ಚಹಾ ಕುಡಿಯುವ ಹೊಸ ಚಟ ಅಂಟಿದೆ, ಖುಷಿಯಾಗಿದ್ದೇನೆ.

ನಾವು ಬೇಡ ಅಂದದ್ದರಲ್ಲಿ ಏನೇನನ್ನು ಮನೆಯವರು ಆಗಲೇ ಕಲಿತು ಮುಗಿಸಿದ್ದಾರೋ, ಕೇಳಿ ನೋಡುವ ಧೈರ್ಯ ನಿಮಗಿದೆಯಾ?